ಯಾಪ್ಯರೋಗಿಗಳ ಆರೈಕೆಯೂ ಮಾಪಕಯಂತ್ರಗಳೂ

ಮೈಸೂರಿನಿಂದ ನಂಜನಗೂಡಿನ ಮಾರ್ಗವಾಗಿ ಉದಕಮಂಡಲಕ್ಕೆ ಹೋಗುವ ಹೆದ್ದಾರಿಯಲ್ಲಿ, ಗುಂಡ್ಲುಪೇಟೆಯನ್ನು ಮುಟ್ಟುವುದಕ್ಕೆ ಮೊದಲು, ಬೇಗೂರೆಂಬ ಹೋಬಳಿಯ ಊರು ದೊರೆಯುತ್ತದೆ. 1997ರವರೆಗೆ ಮೈಸೂರು ಜಿಲ್ಲೆಗೆ ಸೇರಿದ್ದ ಈ ಸೀಮೆಯು ಆ ವರ್ಷ ಹೊಸದಾದ ಚಾಮರಾಜನಗರ ಜಿಲ್ಲೆಯ ಭಾಗವಾಯಿತು. ಜಿಲ್ಲೆಯ ಹೆಸರು ಬದಲಾದರೂ ಹೆದ್ದಾರಿಯ ದಿಕ್ಕು ಬದಲಾಗಲಿಲ್ಲವಷ್ಟೆ. ದೊಡ್ಡ ವೈದ್ಯರನ್ನು ಕಾಣಬೇಕೆಂದರೆ ಇಲ್ಲಿಯ ರೋಗಿಯು ಒಂದು ದಿನವನ್ನು ಕಳೆಯಬೇಕು. ಅವನೊಡನೆ ಹೋಗುವವರು ಒಂದು ದಿನದ ಕೂಲಿಯನ್ನು ಬಿಡಬೇಕು. ಜ್ವರವೋ ಮುರಿದ ಕೈಯೋ ಆದರೆ ಇಂತಹ ಪ್ರಯಾಣ ಒಂದೆರಡು ಸಲಕ್ಕೆ ಮುಗಿಯುವುದು. ಆದರೆ ಮಧುಮೇಹ, ರಕ್ತದೊತ್ತಡ, ಹೃದಯದ ದೌರ್ಬಲ್ಯ, ದಮ್ಮು ಇವುಗಳಿಗೆ ಮುಗಿಯುವ ದಿನವೆಂಬುದೇ ಇಲ್ಲ. ಈ ದೀರ್ಘಕಾಲದ ರೋಗಗಳನ್ನು ಮನೆಯಲ್ಲಿಯೇ ಅಳೆದು, ಅಳತೆಯನ್ನು ದೂರದ ವೈದ್ಯನಿಗೆ ತಿಳಿಸುವ ಯಂತ್ರಗಳು ಈಗ ಹಳ್ಳಿಯ ಮನೆಗಳನ್ನೂ ಹೊಗುತ್ತಿವೆ. ಅವುಗಳಿಂದ ಆಗುವುದೇನು, ಆಗದಿರುವುದೇನು ಎಂಬುದನ್ನು ವಿಚಾರಿಸುವುದು ಪ್ರಕೃತ ಲೇಖನದ ಉದ್ದೇಶವು.

ಪ್ರಾಚೀನ ವೈದ್ಯಶಾಸ್ತ್ರಕಾರರು ರೋಗಗಳನ್ನು ಸಾಧ್ಯ, ಅಸಾಧ್ಯ ಎಂದು ವಿಂಗಡಿಸಿ, ಅಸಾಧ್ಯದಲ್ಲಿಯೂ ಒಂದು ಬಗೆಯನ್ನು ಪ್ರತ್ಯೇಕಿಸಿ ಅದಕ್ಕೆ ‘ಯಾಪ್ಯ’ವೆಂದು ಹೆಸರಿಟ್ಟರು. ಹೋಗು ಎಂಬರ್ಥದ ‘ಯಾ’ ಧಾತುವಿನ ಪ್ರೇರಣಾರ್ಥಕ ರೂಪದಿಂದ ಬಂದ ಶಬ್ದವಿದು. ‘ಕಾಲಯಾಪನೆ’ ಎಂದು ಕನ್ನಡದಲ್ಲಿ ಹೇಳುವಾಗ ಇರುವುದೂ ಇದೇ. ಗುಣವಾಗುವುದಿಲ್ಲ, ಆದರೆ ಪಥ್ಯದಿಂದಲೂ ಔಷಧದಿಂದಲೂ ದಿನಗಳನ್ನು ಸಾಗಿಸಬಹುದು ಎಂಬುದು ತಾತ್ಪರ್ಯ. ಬೀಳಲಿರುವ ಮನೆಗೆ ಊರೆಗಂಬ ಕೊಟ್ಟು ನಿಲ್ಲಿಸುವುದಕ್ಕೆ ಇದನ್ನು ಸುಶ್ರುತಸಂಹಿತೆಯಲ್ಲಿ ಹೋಲಿಸಿದೆ. ಕಫಜವಾದ ಪ್ರಮೇಹವು ಸಾಧ್ಯ, ಪಿತ್ತಜವು ಯಾಪ್ಯ, ವಾತಜವು ಅಸಾಧ್ಯ ಎಂಬ ವಿಭಾಗವೂ ಪ್ರಸಿದ್ಧವೇ. ಇಂದಿನ ವೈದ್ಯರು ‘ದೀರ್ಘಕಾಲಿಕ’ವೆನ್ನುವ ಬಹುಪಾಲು ರೋಗಗಳು ಈ ಯಾಪ್ಯವರ್ಗಕ್ಕೆ ಸೇರತಕ್ಕವು. ‘ದೀರ್ಘಕಾಲಿಕ’ವೆಂಬುದು ರೋಗವೆಷ್ಟು ಕಾಲ ಇರುವುದೆಂಬುದನ್ನು ಮಾತ್ರ ಹೇಳುತ್ತದೆ, ‘ಯಾಪ್ಯ’ವೆಂಬುದು ಮನುಷ್ಯನು ಮಾಡಬೇಕಾದ ಕೆಲಸವನ್ನು ಹೇಳುತ್ತದೆ. ಊರೆಗಂಬವು ಸರಿದಿದೆಯೇ ಎಂದು ದಿನವೂ ನೋಡುತ್ತಿರಬೇಕು.

ಇಂತಹ ಮನೆಗಳು ನಾಡಿನಲ್ಲಿ ಎಷ್ಟಿವೆಯೆಂಬುದನ್ನು ತಿಳಿಯಲು ಭಾರತೀಯ ವೈದ್ಯಕೀಯ ಸಂಶೋಧನ ಪರಿಷತ್ತಿನ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ಸಮೀಕ್ಷೆಯೊಂದು ಸಾಕು. ಅದರಂತೆ ಭಾರತದಲ್ಲಿ ಮಧುಮೇಹಿಗಳ ಸಂಖ್ಯೆ ಹತ್ತು ಕೋಟಿಯನ್ನು ಮೀರಿದೆ. ವಯಸ್ಕರಲ್ಲಿ ನೂರಕ್ಕೆ 35ಕ್ಕಿಂತ ಹೆಚ್ಚು ಮಂದಿಗೆ ರಕ್ತದೊತ್ತಡವುಂಟು. ಇಷ್ಟು ಜನವನ್ನು ಆಸ್ಪತ್ರೆಗಳು ದಿನವೂ ನೋಡಲಾರವೆಂಬುದಕ್ಕೆ ಬೇರೆ ಪ್ರಮಾಣ ಬೇಕಿಲ್ಲ. ನೋಡತಕ್ಕವರು ಮನೆಯವರೇ.

‘ನೋಡತಕ್ಕವರು’ ಎಂಬ ಮಾತನ್ನು ಇಲ್ಲಿ ಸ್ವಲ್ಪ ವಿಚಾರಿಸಬೇಕಾಗಿದೆ. ರೋಗಿಯನ್ನು ಪೋಷಿಸುವುದಕ್ಕೆ ಕನ್ನಡದಲ್ಲಿ ‘ನೋಡಿಕೊಳ್ಳುವುದು’ ಎನ್ನುವರು. ಇನ್ನೂ ಹಳೆಯ ಮಾತು ‘ಆರೈಕೆ’. ಇದು ‘ಆರಯ್’ ಎಂಬ ಧಾತುವಿನಿಂದ ಹುಟ್ಟಿದ್ದು. ಹಳಗನ್ನಡದಲ್ಲಿ ಆರಯ್ ಎಂದರೆ ಹುಡುಕು, ಪರೀಕ್ಷಿಸು, ವಿಚಾರಮಾಡು ಎಂದೂ ಅರ್ಥ, ಕಾಪಾಡು, ಸಲಹು ಎಂದೂ ಅರ್ಥ. ಗುಂಡ್ಲುಪೇಟೆಯ ಸೀಮೆಗೆ ಒಂದು ಕಡೆ ತಮಿಳಿನ ನೀಲಗಿರಿಯೂ ಇನ್ನೊಂದು ಕಡೆ ಮಲಯಾಳದ ವಯನಾಡೂ ಗಡಿಯಾಗಿವೆ. ಆ ಎರಡು ಭಾಷೆಗಳಲ್ಲಿಯೂ ಇದೇ ಧಾತುವು ಉಳಿದಿದೆ. ಆದರೆ ತಮಿಳಿನಲ್ಲಿ ಅದು ಸಂಶೋಧನೆಯ ಮಾತಾಗಿಯೂ, ಮಲಯಾಳದಲ್ಲಿ ವಿಚಾರಿಸುವುದೆಂಬರ್ಥದಲ್ಲಿಯೂ ಬಳಕೆಯಾಗುತ್ತಿದೆ. ಕನ್ನಡವು ಮಾತ್ರ ಪರೀಕ್ಷಿಸುವ ಕಣ್ಣನ್ನೂ ಸಲಹುವ ಕೈಯನ್ನೂ ಒಂದೇ ಶಬ್ದದಲ್ಲಿ ಇರಿಸಿಕೊಂಡು, ಕಾಲಕ್ರಮದಲ್ಲಿ ಕೈಯ ಅರ್ಥವನ್ನೇ ಮುಖ್ಯವಾಗಿ ಉಳಿಸಿಕೊಂಡಿತು. ಪಾರಸಿಯಿಂದ ಬಂದ ‘ನಿಗಾ’ ಎಂಬುದಕ್ಕೂ ಮೂಲಾರ್ಥ ನೋಟವೇ. ಆಸ್ಪತ್ರೆಗಳ ‘ತೀವ್ರ ನಿಗಾ ಘಟಕ’ದ ಬಾಗಿಲಿನ ಮೇಲೆ ಅದು ಇಂದಿಗೂ ಕಾಣುತ್ತದೆ.

ಸಂಸ್ಕೃತದ ದೃಷ್ಟಿಯೇ ಬೇರೆ. ‘ಶುಶ್ರೂಷೆ’ಯು ‘ಶ್ರು’ ಧಾತುವಿನ ಸನ್ನಂತ ರೂಪದಿಂದ ಬಂದುದು. ಕೇಳಬೇಕೆಂಬ ಇಚ್ಛೆ ಎಂಬುದು ಅದರ ಅಕ್ಷರಾರ್ಥ. ಗುರುವಿನ ಮಾತನ್ನು ಕೇಳುವ ಶಿಷ್ಯನ ಸೇವೆಯಿಂದ ರೋಗಿಯ ನರಳಾಟವನ್ನು ಕೇಳುವವಳ ಸೇವೆಯವರೆಗೆ ಆ ಶಬ್ದವು ನಡೆದುಬಂದಿದೆ. ‘ಉಪಚಾರ’ವೆಂದರೆ ಹತ್ತಿರ ಸುಳಿದಾಡುವುದು, ‘ಉಪಸ್ಥಾತಾ’ ಎಂದರೆ ಹತ್ತಿರ ನಿಲ್ಲುವವನು. ನೋಡುವುದು, ಕೇಳುವುದು, ಹತ್ತಿರವಿರುವುದು ಎಂಬ ಮೂರೂ ಸೇರಿ ಆರೈಕೆಯಾಗುತ್ತದೆಂದು ಇವುಗಳಿಂದ ತಿಳಿಯುತ್ತದೆ. ಹೊಸ ಯಂತ್ರವು ಮೊದಲನೆಯದನ್ನು ಬಹು ಚೆನ್ನಾಗಿ ಮಾಡುತ್ತದೆ. ಉಳಿದೆರಡನ್ನು ಮಾಡುವವರು ಯಾರೆಂಬುದೇ ವಿಚಾರಣೀಯವಾದ ಅಂಶ.

ಚರಕಸಂಹಿತೆಯ ಸೂತ್ರಸ್ಥಾನದಲ್ಲಿ ಚಿಕಿತ್ಸೆಗೆ ನಾಲ್ಕು ಪಾದಗಳನ್ನು ಹೇಳಿದೆ: ವೈದ್ಯ, ಔಷಧ, ಉಪಸ್ಥಾತಾ, ರೋಗಿ. ಪ್ರತಿಯೊಂದಕ್ಕೂ ನಾಲ್ಕು ನಾಲ್ಕು ಗುಣಗಳು. ವೈದ್ಯನ ಗುಣಗಳನ್ನು ಎಲ್ಲರೂ ಹೇಳುವರು. ಇಲ್ಲಿ ಗಮನಿಸತಕ್ಕುದು ರೋಗಿಯ ಗುಣಗಳನ್ನು. ಅವನಿಗೆ ನೆನಪಿರಬೇಕು, ಹೇಳಿದಂತೆ ನಡೆಯಬೇಕು, ಭಯಪಡಬಾರದು, ತನ್ನ ರೋಗವನ್ನು ತಿಳಿಯಪಡಿಸಲು ಶಕ್ತನಾಗಿರಬೇಕು. ಈ ಕೊನೆಯ ಗುಣಕ್ಕೆ ‘ಜ್ಞಾಪಕತ್ವ’ವೆಂದು ಹೆಸರು. ಮೂರು ತಿಂಗಳಿಗೊಮ್ಮೆ ವೈದ್ಯನ ಮುಂದೆ ಕುಳಿತ ಮುದುಕನು, ಕಳೆದ ತಿಂಗಳು ಯಾವ ರಾತ್ರಿ ಬೆವರಿ ನಡುಗಿದೆನೆಂಬುದನ್ನು ಹೇಗೆ ನೆನೆದಾನು? ನೆನೆದರೂ ಹೇಗೆ ಹೇಳಿಯಾನು? ಸಾಲು ಉದ್ದವಾಗಿರುವ ಕಡೆ ‘ಚೆನ್ನಾಗಿದ್ದೇನೆ ಸ್ವಾಮಿ’ ಎಂದು ಎದ್ದುಬರುವನು. ಮನೆಯಲ್ಲಿ ಅಳೆದು ಬರೆದಿಟ್ಟ ಅಂಕಿಗಳು ಅವನ ಸ್ಮೃತಿಗೂ ಜ್ಞಾಪಕತ್ವಕ್ಕೂ ಊರುಗೋಲಾಗುತ್ತವೆ. ಮಾಪಕಯಂತ್ರದ ಮುಖ್ಯೋಪಕಾರ ಇದೇ. ಇದು ಸಣ್ಣದೇನೂ ಅಲ್ಲ.

ಯಂತ್ರಗಳ ಚರಿತ್ರೆಯನ್ನು ಸಂಕ್ಷೇಪವಾಗಿ ಹೇಳಬಹುದು. ತೋಳಿಗೆ ಪಟ್ಟಿ ಬಿಗಿದು ಒತ್ತಡವನ್ನಳೆಯುವ ಉಪಾಯವನ್ನು ಇಟಲಿಯ ರಿವಾ-ರೊಚ್ಚಿಯು 1896ರಲ್ಲಿ ತೋರಿಸಿದನು. ಪಟ್ಟಿಯ ಕೆಳಗೆ ಕಿವಿಗೊಟ್ಟು ಶಬ್ದದಿಂದ ಎರಡು ಅಂಕಿಗಳನ್ನು ತಿಳಿಯುವ ಕ್ರಮವನ್ನು ರಷ್ಯದ ಕೊರೊಟ್ಕಾಫನು 1905ರಲ್ಲಿ ಪ್ರಕಟಿಸಿದನು. ಈಗ ಮನೆಗಳಲ್ಲಿರುವ ಯಂತ್ರವು ಶಬ್ದವನ್ನು ಕೇಳುವುದಿಲ್ಲ. ಪಟ್ಟಿಯೊಳಗಿನ ಗಾಳಿಯ ಕಂಪನವನ್ನು ಗ್ರಹಿಸಿ ಲೆಕ್ಕಹಾಕುತ್ತದೆ. ರಕ್ತದ ಸಕ್ಕರೆಯನ್ನು ಒಂದು ಹನಿಯಿಂದ ತಿಳಿಸುವ ಮಾಪಕವು 1970ರ ಸುಮಾರಿಗೆ ಅಮೆರಿಕೆಯಲ್ಲಿ ಹೊರಬಂದಿತು. ಅದಕ್ಕೆ ಹಿಂದೆ ಮೂತ್ರಪರೀಕ್ಷೆಯೇ ಗತಿ. ಪ್ರಮೇಹದ ಪೂರ್ವರೂಪಗಳಲ್ಲಿ ಮೂತ್ರಕ್ಕೆ ಇರುವೆ ಮುತ್ತುವುದನ್ನು ಚರಕನು ಎಣಿಸಿರುವುದನ್ನು ನೆನೆದರೆ, ಇರುವೆಯೇ ಮೊದಲನೆಯ ಮಾಪಕವೆಂದು ವಿನೋದಕ್ಕೆ ಹೇಳಬಹುದು. ಬೆರಳಿಗೆ ಕ್ಲಿಪ್ಪು ಸಿಕ್ಕಿಸಿ ರಕ್ತದಲ್ಲಿಯ ಆಮ್ಲಜನಕವನ್ನು ತೋರಿಸುವ ಆಕ್ಸಿಮೀಟರಿನ ತತ್ತ್ವವನ್ನು ಜಪಾನಿನ ತಕುವೊ ಆವೊಯಾಗಿಯು 1974ರಲ್ಲಿ ಕಂಡನು. 2020-21ರ ಮಹಾಮಾರಿಯ ಕಾಲದಲ್ಲಿ ಅದು ಹಳ್ಳಿಹಳ್ಳಿಗೂ ಪರಿಚಿತವಾಯಿತು. ಕಪ್ಪು ಚರ್ಮದವರಲ್ಲಿ ಅದು ಆಮ್ಲಜನಕವನ್ನು ಇರುವುದಕ್ಕಿಂತ ಹೆಚ್ಚಾಗಿ ತೋರಿಸಿ ಅಪಾಯವನ್ನು ಮರೆಮಾಡುವುದುಂಟೆಂದು ಅಮೆರಿಕೆಯ ವಿದ್ವಾಂಸರು 2020ರಲ್ಲಿ ಪ್ರಕಟಿಸಿದ ವಿಷಯವನ್ನು ನಮ್ಮ ದೇಶದವರು ಮರೆಯಲಾಗದು.

ಯಂತ್ರವು ಸುಳ್ಳು ಹೇಳುವುದಿಲ್ಲವೆಂಬ ನಂಬಿಕೆ ಬಲವಾದುದು. ಅದು ಕೇಳಿದ ಪ್ರಶ್ನೆಗೆ ಮಾತ್ರ ಉತ್ತರಕೊಡುತ್ತದೆ. ಪ್ರಶ್ನೆಯನ್ನು ತಪ್ಪಾಗಿ ಕೇಳಿದರೆ ಉತ್ತರವೂ ತಪ್ಪುವುದು. ಬಾವಿಯಿಂದ ನೀರು ಹೊತ್ತು ತಂದ ಕೂಡಲೇ ತೋಳಿಗೆ ಪಟ್ಟಿ ಕಟ್ಟಿದರೆ ಒತ್ತಡ ಹೆಚ್ಚಾಗಿಯೇ ಕಾಣುವುದು. ಐದು ನಿಮಿಷ ಸುಮ್ಮನೆ ಕುಳಿತು, ಬೆನ್ನಿಗೆ ಆನಿಕೆಯಿಟ್ಟು, ಪಾದಗಳನ್ನು ನೆಲಕ್ಕೂರಿ, ತೋಳನ್ನು ಹೃದಯದ ಮಟ್ಟಕ್ಕೆ ಇರಿಸಿ, ಮಾತನಾಡದೆ, ಒಂದು ನಿಮಿಷದ ಅಂತರದಲ್ಲಿ ಎರಡು ಸಲ ಅಳೆಯಬೇಕು. ದಪ್ಪ ತೋಳಿಗೆ ಸಣ್ಣ ಪಟ್ಟಿಯನ್ನು ಬಿಗಿದರೆ ಅಂಕಿ ಏರುವುದು. ಬಾಳೆಯ ಹಣ್ಣನ್ನೋ ಬೆಲ್ಲವನ್ನೋ ಮುಟ್ಟಿದ ಬೆರಳನ್ನು ತೊಳೆಯದೆ ಚುಚ್ಚಿದರೆ ಬೆರಳಿನ ಮೇಲಿನ ಸಕ್ಕರೆಯೇ ರಕ್ತದ ಸಕ್ಕರೆಯಾಗಿ ಕಾಣುವುದು. ಪರೀಕ್ಷಾಪಟ್ಟಿಗಳ ಡಬ್ಬಿಯನ್ನು ಒಲೆಯ ಬಳಿ ತೆರೆದಿಟ್ಟರೆ ಅವು ಕೆಡುವುವು. ಇನ್ನೊಂದು ಸಂಗತಿಯುಂಟು: ಕೆಲವರಿಗೆ ವೈದ್ಯನೆದುರಿನಲ್ಲಿ ಮಾತ್ರ ಒತ್ತಡ ಏರುವುದು; ಮತ್ತೆ ಕೆಲವರಿಗೆ ಅಲ್ಲಿ ಸರಿಯಾಗಿದ್ದು ಮನೆಯಲ್ಲಿಯೇ ಏರುವುದು. ಆದಕಾರಣ ಆಸ್ಪತ್ರೆಯಲ್ಲಿ 140/90 ಎಂಬ ಗಡಿಯಿದ್ದರೆ ಮನೆಯ ಅಳತೆಗೆ 135/85 ಎಂಬ ಗಡಿಯನ್ನು ಇಟ್ಟಿದ್ದಾರೆ. ಈ ವ್ಯತ್ಯಾಸವನ್ನು ತಿಳಿಸದೆ ಯಂತ್ರವನ್ನು ಮಾತ್ರ ಮಾರುವುದು ಅರ್ಧ ಔಷಧವನ್ನು ಕೊಟ್ಟಂತೆ. ಹೃದಯದ ದೌರ್ಬಲ್ಯವುಳ್ಳವರಿಗೆ ಬೇಕಾದ ಮುಖ್ಯ ಯಂತ್ರವಾದರೋ ಸಾಮಾನ್ಯವಾದ ತಕ್ಕಡಿ. ಮೂರು ದಿನಗಳಲ್ಲಿ ಎರಡು ಕಿಲೋಗ್ರಾಮಿಗಿಂತ ಹೆಚ್ಚು ತೂಕ ಏರಿತೆಂದರೆ ಅದು ಮೈಗೂಡಿದ ಬಲವಲ್ಲ, ಮೈಯೊಳಗೆ ನಿಂತ ನೀರು. ವೈದ್ಯನಿಗೆ ಅಂದೇ ತಿಳಿಸತಕ್ಕುದು.

ಅಳತೆಯನ್ನು ದೂರಕ್ಕೆ ಕಳುಹಿಸುವ ಕಲೆಯೂ ತೀರ ಹೊಸದಲ್ಲ. ಹಾಲೆಂಡಿನ ಲೈಡನ್ ನಗರದಲ್ಲಿ ಐಂಥೋವನನು ಆಸ್ಪತ್ರೆಯಲ್ಲಿ ಮಲಗಿದ್ದ ರೋಗಿಯ ಹೃದಯದ ವಿದ್ಯುಲ್ಲೇಖವನ್ನು ಸುಮಾರು ಒಂದೂವರೆ ಕಿಲೋಮೀಟರು ದೂರದ ತನ್ನ ಪ್ರಯೋಗಶಾಲೆಗೆ ದೂರವಾಣಿಯ ತಂತಿಯ ಮೂಲಕ ತರಿಸಿಕೊಂಡು, ಅದರ ವಿವರವನ್ನು 1906ರಲ್ಲಿ ಪ್ರಕಟಿಸಿದನು. ಅದಾಗಿ ಶತಮಾನ ತುಂಬುವುದರೊಳಗೆ ಈ ವಿದ್ಯೆಯು ಚಾಮರಾಜನಗರಕ್ಕೆ ಬಂದಿತು. 2002ರಲ್ಲಿ ಭಾರತೀಯ ಬಾಹ್ಯಾಕಾಶ ಸಂಶೋಧನ ಸಂಸ್ಥೆಯು ಉಪಗ್ರಹದ ಮೂಲಕ ಚಾಮರಾಜನಗರದ ಜಿಲ್ಲಾಸ್ಪತ್ರೆಯನ್ನೂ ಹೆಗ್ಗಡದೇವನಕೋಟೆ ತಾಲ್ಲೂಕಿನ ಸರಗೂರಿನ ವಿವೇಕಾನಂದ ಸ್ಮಾರಕ ಆಸ್ಪತ್ರೆಯನ್ನೂ ಬೆಂಗಳೂರಿನ ನಾರಾಯಣ ಹೃದಯಾಲಯಕ್ಕೆ ಜೋಡಿಸಿತು. ರೋಗಿಯು ತನ್ನ ಜಿಲ್ಲೆಯಲ್ಲಿಯೇ ಮಲಗಿರಲು ಅವನ ಹೃದಯದ ರೇಖೆಗಳು ಆಕಾಶಮಾರ್ಗವಾಗಿ ರಾಜಧಾನಿಯ ತಜ್ಞನ ಕಣ್ಣಿಗೆ ಬಿದ್ದುವು. ಕರ್ಣಾಟಕದಲ್ಲಿ ದೂರವೈದ್ಯದ ಆದಿಪರ್ವವನ್ನು ಬರೆಯುವವರು ಈ ಗಡಿಜಿಲ್ಲೆಯಿಂದಲೇ ಆರಂಭಿಸಬೇಕಾದುದು ಸಂತೋಷದ ವಿಷಯ. ಆದರೆ ಅಂದು ಜೋಡಣೆಯಾದುದು ಆಸ್ಪತ್ರೆಗೂ ಆಸ್ಪತ್ರೆಗೂ; ಎರಡು ತುದಿಗಳಲ್ಲಿಯೂ ವೈದ್ಯರಿದ್ದರು. ಈಗ ಒಂದು ತುದಿಯಲ್ಲಿರುವುದು ಬೇಗೂರಿನ ಕಡೆಯ ಒಂದು ಅಡಿಗೆಮನೆ. ಯಂತ್ರವನ್ನು ಹಿಡಿದಿರುವವಳು ಹೆಚ್ಚಾಗಿ ಮನೆಯ ಸೊಸೆಯೋ ಮಗಳೋ ಆಗಿರುವಳು.

ಹೀಗೆ ಮನೆಯಿಂದ ಅಳತೆ ಕಳುಹಿಸುವುದರಿಂದ ರೋಗಿಗೆ ಹಿತವಾಗುವುದೇ ಎಂಬುದನ್ನು ನಾನಾ ದೇಶಗಳಲ್ಲಿ ಪರೀಕ್ಷಿಸಿದ್ದಾರೆ. ಫಲಗಳು ಒಂದೇ ತೆರನಾಗಿಲ್ಲ. ಅಮೆರಿಕೆಯಲ್ಲಿ ಹೃದಯದೌರ್ಬಲ್ಯದ 1,653 ರೋಗಿಗಳ ಮೇಲೆ ನಡೆದು 2010ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಅರ್ಧದಷ್ಟು ಮಂದಿಯು ದಿನವೂ ದೂರವಾಣಿಯಲ್ಲಿ ಯಂತ್ರದ ಪ್ರಶ್ನೆಗಳಿಗೆ ಉತ್ತರಕೊಟ್ಟು ತೂಕವನ್ನು ತಿಳಿಸಬೇಕಾಗಿತ್ತು. ಆರು ತಿಂಗಳಲ್ಲಿ ಮತ್ತೆ ಆಸ್ಪತ್ರೆ ಸೇರಿದವರು ಅಥವಾ ತೀರಿಕೊಂಡವರು ಈ ಗುಂಪಿನಲ್ಲಿ ನೂರಕ್ಕೆ 52.3, ಉಳಿದ ಗುಂಪಿನಲ್ಲಿ 51.5. ಎಂದರೆ ಪ್ರಯೋಜನವೇ ಕಾಣಲಿಲ್ಲ. ನೂರಕ್ಕೆ 14 ಮಂದಿ ಆ ಯಂತ್ರವನ್ನು ಒಮ್ಮೆಯೂ ಬಳಸಲಿಲ್ಲ. ಜರ್ಮನಿಯಲ್ಲಿ 1,571 ರೋಗಿಗಳನ್ನು ಸೇರಿಸಿಕೊಂಡು ನಡೆಸಿ 2018ರಲ್ಲಿ ಪ್ರಕಟಿಸಿದ ಇನ್ನೊಂದು ಪರೀಕ್ಷೆಯಲ್ಲಿ ಫಲವು ಬೇರೆಯಾಯಿತು. ಅಲ್ಲಿ ತೂಕ, ಒತ್ತಡ, ಹೃದಯಲೇಖ, ಆಮ್ಲಜನಕ ಇವು ದಿನವೂ ಬರ್ಲಿನ್ನಿನ ಕೇಂದ್ರಕ್ಕೆ ಹೋಗುತ್ತಿದ್ದುವು. ನೂರು ಮಂದಿಯನ್ನು ಒಂದು ವರ್ಷ ನೋಡಿದ ಲೆಕ್ಕದಲ್ಲಿ ಮರಣಗಳು 11.3ರಿಂದ 7.9ಕ್ಕೆ ಇಳಿದುವು. ವ್ಯತ್ಯಾಸಕ್ಕೆ ಕಾರಣಗಳು ಹಲವಿರಬಹುದು. ರೋಗಿಗಳೂ ಒಂದೇ ಬಗೆಯವರಲ್ಲ. ಆದರೆ ಒಂದು ಅಂಶವು ಎದ್ದುಕಾಣುತ್ತದೆ. ಬರ್ಲಿನ್ನಿನ ಕೇಂದ್ರದಲ್ಲಿ ಹಗಲಿರುಳೂ ವೈದ್ಯರೂ ದಾದಿಯರೂ ಕುಳಿತಿದ್ದರು. ಅಂಕಿ ಕೆಟ್ಟ ದಿನವೇ ರೋಗಿಗೆ ಕರೆ ಹೋಗುತ್ತಿತ್ತು, ಔಷಧ ಬದಲಾಗುತ್ತಿತ್ತು. ರಕ್ತದೊತ್ತಡದ ವಿಷಯದಲ್ಲಿ ಇಂಗ್ಲೆಂಡಿನಲ್ಲಿ 1,182 ಮಂದಿಯ ಮೇಲೆ ನಡೆದ ಪರೀಕ್ಷೆಯೂ 2018ರದೇ. ಒಂದು ವರ್ಷದ ತರುವಾಯ ಮೇಲಿನ ಒತ್ತಡದ ಸರಾಸರಿಯು ಎಂದಿನ ಚಿಕಿತ್ಸೆಯವರಲ್ಲಿ 140.4, ಮನೆಯಲ್ಲಿ ಅಳೆದು ಕಾಗದದಲ್ಲಿ ಬರೆದುಕೊಟ್ಟವರಲ್ಲಿ 137.0, ಅಳೆದು ದೂರವಾಣಿಯಿಂದ ಕಳುಹಿಸಿದವರಲ್ಲಿ 136.0. ಕಾಗದಕ್ಕೂ ದೂರವಾಣಿಗೂ ಇರುವ ಅಂತರ ಎಷ್ಟು ಕಡಮೆಯೆಂಬುದನ್ನು ವಾಚಕರು ಗಮನಿಸಬೇಕು. ವೈದ್ಯನು ಆ ಅಂಕಿಗಳನ್ನು ನೋಡಿ ಮಾತ್ರೆಯನ್ನು ಸರಿಪಡಿಸಿದನೆಂಬುದು ಎರಡು ಗುಂಪಿಗೂ ಸಮಾನವಾಗಿತ್ತು.

ಇನ್ನು ಕರ್ಣಾಟಕಕ್ಕೆ ಸಂಬಂಧಿಸಿದ ಪರೀಕ್ಷೆ. ಹರಿಯಾಣ ಮತ್ತು ಕರ್ಣಾಟಕಗಳ 40 ಸಮುದಾಯ ಆರೋಗ್ಯಕೇಂದ್ರಗಳಲ್ಲಿ ಸುಮಾರು 3,700 ರೋಗಿಗಳನ್ನು ಸೇರಿಸಿ, ದಾದಿಯ ಕೈಗೆ ಟ್ಯಾಬ್ಲೆಟ್ಟನ್ನು ಕೊಟ್ಟು, ಅದು ರೋಗಿಯ ವಿವರವನ್ನು ನೆನಪಿಟ್ಟು ವೈದ್ಯನಿಗೆ ಚಿಕಿತ್ಸೆಯ ಸಲಹೆಯನ್ನೂ ಸೂಚಿಸುವಂತೆ ಏರ್ಪಡಿಸಿದ್ದರು. 2019ರಲ್ಲಿ ಹೊರಬಂದ ಫಲದಂತೆ, ಟ್ಯಾಬ್ಲೆಟ್ಟಿದ್ದ ಕೇಂದ್ರಗಳಿಗೂ ಅದಿಲ್ಲದೆ ದಾದಿವೈದ್ಯರಿಗೆ ತರಬೇತಿಯನ್ನು ಮಾತ್ರ ಕೊಟ್ಟು ಚಿಕಿತ್ಸಾಕ್ರಮವನ್ನು ಉತ್ತಮಪಡಿಸಿದ್ದ ಕೇಂದ್ರಗಳಿಗೂ ಒತ್ತಡದಲ್ಲಾಗಲಿ ಸಕ್ಕರೆಯಲ್ಲಾಗಲಿ ಗಣನೀಯವಾದ ಭೇದವು ಕಾಣಲಿಲ್ಲ. ಯಂತ್ರಪ್ರಿಯರು ಇದನ್ನು ಸೋಲೆನ್ನಬಹುದು. ಹಾಗೆನ್ನುವುದು ಅವಿಚಾರ. ಯಂತ್ರವಿಲ್ಲದ ಕಡೆಯೂ ರೋಗಿಗಳ ಒತ್ತಡವು ಇಳಿದಿತ್ತು. ತರಬೇತಿ ಪಡೆದ ದಾದಿಯು ಎದುರಿಗಿದ್ದುದೇ ಅದಕ್ಕೆ ಕಾರಣವಾಗಿದ್ದೀತು.

ಇಲ್ಲಿ ಚರಕನ ಮೂರನೆಯ ಪಾದಕ್ಕೆ ಹಿಂದಿರುಗಬೇಕಾಗುತ್ತದೆ. ಉಪಸ್ಥಾತೃವಿಗೆ ಹೇಳಿರುವ ಗುಣಗಳು: ಉಪಚಾರವನ್ನು ಬಲ್ಲವನಾಗಿರಬೇಕು, ದಕ್ಷನಾಗಿರಬೇಕು, ರೋಗಿಯಲ್ಲಿ ಪ್ರೀತಿಯುಳ್ಳವನಾಗಿರಬೇಕು, ಶುಚಿಯಾಗಿರಬೇಕು. ಮೊದಲಿನ ಎರಡನ್ನು ಕಲಿಸಬಹುದು, ಯಂತ್ರವೂ ನೆರವಾಗಬಹುದು. ಪ್ರೀತಿಯನ್ನು ಕಲಿಸಲಾಗದು, ಆದರೆ ಬಳಲಿಸಿ ಕೆಡಿಸಬಹುದು. ಹಗಲು ಹೊಲದಲ್ಲಿ ಅರಿಸಿನದ ಕಳೆ ಕಿತ್ತು ಬಂದವಳು ರಾತ್ರಿ ಎರಡು ಸಲ ಎದ್ದು ಅತ್ತೆಯ ಬೆರಳನ್ನು ಚುಚ್ಚಿ ಅಂಕಿಯನ್ನು ನೋಡಬೇಕು; ಅಂಕಿಯು 70ಕ್ಕಿಂತ ಇಳಿದಿದ್ದರೆ ಸಕ್ಕರೆ ನೀರನ್ನು ಕುಡಿಸಬೇಕು; ಆ ಅಂಕಿಯನ್ನು ಮೊಬೈಲಿನಲ್ಲಿ ಕಂಡ ಬೆಂಗಳೂರಿನ ಮಗನು ಬೆಳಗಾಗುವುದರೊಳಗೆ ಫೋನು ಮಾಡಿ ಹೀಗೇಕಾಯಿತೆಂದು ಅವಳನ್ನೇ ಕೇಳುವನು. ದೂರದಲ್ಲಿರುವ ಮಗನಿಗೆ ಯಂತ್ರದಿಂದ ದೃಷ್ಟಿಯು ಲಭಿಸಿತು, ಹತ್ತಿರವಿರುವವಳಿಗೆ ಮೇಲ್ವಿಚಾರಕನೊಬ್ಬನು ಲಭಿಸಿದನು. ರೋಗಿಗೂ ಕೇಡಿಲ್ಲವೆಂದಲ್ಲ: ಗಂಟೆಗೊಮ್ಮೆ ಒತ್ತಡವನ್ನಳೆದುಕೊಂಡು, ಏರಿತೆಂಬ ಭಯದಿಂದಲೇ ಮತ್ತೆ ಏರಿಸಿಕೊಳ್ಳುವವರುಂಟು. ರೋಗಿಗೆ ಹೇಳಿದ ಅಭೀರುತ್ವವೆಂಬ ಗುಣಕ್ಕೆ ಯಂತ್ರವು ಈ ರೀತಿಯಲ್ಲಿ ವಿರೋಧಿಯಾಗುವುದು. ಯಾವ ಅಂಕಿಗೆ ಏನು ಮಾಡಬೇಕು, ಯಾವ ಅಂಕಿಗೆ ಏನನ್ನೂ ಮಾಡದೆ ಮಲಗಬೇಕು ಎಂಬುದನ್ನು ವೈದ್ಯನು ಮೊದಲೇ ಬರೆದುಕೊಟ್ಟಿದ್ದರೆ ಈ ಎರಡು ಕಷ್ಟಗಳೂ ಬಹುಮಟ್ಟಿಗೆ ತಪ್ಪುವುವು. ಎರಡನೆಯದನ್ನು ಬರೆದುಕೊಡುವ ವೈದ್ಯರು ವಿರಳ.

2024ರ ಅಕ್ಟೋಬರಿನಲ್ಲಿ ಕೋಲಾರ ಜಿಲ್ಲೆಯಲ್ಲಿ ಮೊದಲುಗೊಂಡ ‘ಗೃಹ ಆರೋಗ್ಯ’ ಯೋಜನೆಯಂತೆ ಸರ್ಕಾರದ ಆರೋಗ್ಯಸಿಬ್ಬಂದಿಯು 30 ವರ್ಷ ಮೀರಿದವರ ಮನೆಬಾಗಿಲಿಗೆ ಹೋಗಿ ಒತ್ತಡ, ಸಕ್ಕರೆಗಳನ್ನು ಪರೀಕ್ಷಿಸಿ ಔಷಧವನ್ನು ತಲಪಿಸುವ ಏರ್ಪಾಡಾಯಿತು. ಯಂತ್ರದೊಡನೆ ಮನುಷ್ಯನೂ ಬರುವುದರಿಂದ ಇದು ಸರಿಯಾದ ಮಾರ್ಗವೆನ್ನಬೇಕು. ಬಂದವರಿಗೆ ಮನೆಯವಳ ಮಾತನ್ನು ಕೇಳುವಷ್ಟು ಹೊತ್ತು ಇರುವುದೇ ಎಂಬುದರ ಮೇಲೆ ಅದರ ಫಲ ನಿಂತಿದೆ.

ಈ ಸೀಮೆಗೆ ವಿಶೇಷವಾದ ಇನ್ನೊಂದು ಯಾಪ್ಯರೋಗವುಂಟು. ರಕ್ತದ ಕಣಗಳು ಕುಡುಗೋಲಿನಾಕಾರಕ್ಕೆ ಬಾಗಿ ಸೂಕ್ಷ್ಮನಾಳಗಳಲ್ಲಿ ಸಿಕ್ಕಿಕೊಂಡು ಅಸಹ್ಯವಾದ ನೋವನ್ನು ಉಂಟುಮಾಡುವ ಈ ವಂಶವ್ಯಾಧಿಯನ್ನು ಭಾರತದಲ್ಲಿ ಮೊದಲು ಕಂಡುದು 1952ರಲ್ಲಿ, ಗುಂಡ್ಲುಪೇಟೆಗೆ ನೆರೆಯ ನೀಲಗಿರಿಯ ಗಿರಿಜನರಲ್ಲಿ, ಲೇಮನ್ ಮತ್ತು ಕಟ್‌ಬುಷ್ ಎಂಬುವರು. ಚಾಮರಾಜನಗರ ಜಿಲ್ಲೆಯ ಸೋಲಿಗರಲ್ಲಿಯೂ ಕಾಡಂಚಿನ ಕುರುಬರಲ್ಲಿಯೂ ಇದು ಇದೆ. 2023ರ ಜುಲೈ 1ರಂದು ಕೇಂದ್ರ ಸರ್ಕಾರವು ಇದರ ನಿರ್ಮೂಲನಕ್ಕಾಗಿ ರಾಷ್ಟ್ರೀಯ ಯೋಜನೆಯನ್ನು ಆರಂಭಿಸಿ 2047ನ್ನು ಗುರಿಯಾಗಿಟ್ಟಿತು. ಹೈಡ್ರಾಕ್ಸಿಯೂರಿಯ ಎಂಬ ಔಷಧವನ್ನು ಸೇವಿಸುವವರ ರಕ್ತಕಣಗಳನ್ನು ಆಗಾಗ ಎಣಿಸುತ್ತಿರಬೇಕು. ಎಣಿಕೆ ಇಳಿದರೆ ಔಷಧವನ್ನು ತಡೆಯಬೇಕು. ಇದಕ್ಕೆ ಮನೆಯ ಯಂತ್ರ ಸಾಲದು, ಪ್ರಯೋಗಶಾಲೆ ಬೇಕು. ಫಲವು ಹಾಡಿಗೆ ಹಿಂದಿರುಗಬೇಕು. ಬಂಡೀಪುರದ ಕಾಡಿನ ದಾರಿಗಳಲ್ಲಿ 2009ರಿಂದ ರಾತ್ರಿ 9ರಿಂದ ಬೆಳಗಿನ 6ರವರೆಗೆ ಸಾಮಾನ್ಯ ವಾಹನಗಳಿಗೆ ತಡೆಯಿದೆ, ಆಂಬುಲೆನ್ಸಿಗೆ ವಿನಾಯಿತಿಯುಂಟು. ಆದರೆ ಆಂಬುಲೆನ್ಸನ್ನು ಕರೆಯುವುದಕ್ಕೂ ಮೊಬೈಲಿಗೆ ಸಿಗ್ನಲ್ ಬೇಕಷ್ಟೆ. ದೂರವೈದ್ಯವನ್ನು ಕುರಿತು ನಗರದಲ್ಲಿ ಕುಳಿತು ಬರೆಯುವವರು ಇದನ್ನು ಮರೆಯುವುದು ಸುಲಭ.

ಕೊನೆಯದಾಗಿ ಭಾಷೆಯ ವಿಷಯ. ಈ ಯಂತ್ರಗಳ ಮುಖದ ಮೇಲೆ ಸಾಮಾನ್ಯವಾಗಿ ಕಾಣುವುದು ಇಂಗ್ಲಿಷ್ ಅಕ್ಷರ. ಸಕ್ಕರೆಯು ಅಳತೆಗೆ ಮೀರಿ ಏರಿದಾಗ ಅಂಕಿಯ ಬದಲು ‘ಹೈ’ ಎಂದೂ, ಅಪಾಯಕರವಾಗಿ ಇಳಿದಾಗ ‘ಲೋ’ ಎಂದೂ ತೋರಿಸುವ ಮಾಪಕಗಳು ಬಹಳ. ಕನ್ನಡವನ್ನು ಮಾತ್ರ ಓದಬಲ್ಲ ಗೃಹಿಣಿಗೆ ಆ ಎರಡಕ್ಕಿರುವ ಅಂತರವು ಪ್ರಾಣಾಂತರವೇ ಸರಿ: ಒಂದಕ್ಕೆ ಸಕ್ಕರೆಯನ್ನು ಕೊಡಲೇಬಾರದು, ಇನ್ನೊಂದಕ್ಕೆ ಕೂಡಲೇ ಕೊಡಬೇಕು. ಪೆಟ್ಟಿಗೆಯೊಳಗಿನ ಸೂಚನಾಪತ್ರದಲ್ಲಿ ಕನ್ನಡವಿದ್ದರೂ ಅದು ‘ಮಾಪನ ಮೌಲ್ಯ’, ‘ನಿರ್ವಹಣಾ ತಾಪಮಾನ’ ಎಂಬಂತಹ, ಸಂಸ್ಕೃತ ಬಲ್ಲವರಿಗೂ ಒಗ್ಗದ ಕನ್ನಡ. ಹನ್ನೆರಡನೆಯ ಶತಮಾನದಲ್ಲಿಯೇ ಜಗದ್ದಳ ಸೋಮನಾಥನು ಕರ್ಣಾಟಕ ಕಲ್ಯಾಣಕಾರಕವನ್ನೂ ಹದಿನಾಲ್ಕನೆಯ ಶತಮಾನದಲ್ಲಿ ಮಂಗರಾಜನು ಖಗೇಂದ್ರಮಣಿದರ್ಪಣವನ್ನೂ ಬರೆದ ಭಾಷೆಗೆ ವೈದ್ಯದ ಮಾತು ಹೊಸದಲ್ಲ. ‘ಮಾನಿಟರಿಂಗ್’ ಎಂಬುದಕ್ಕೆ ಕಚೇರಿಗಳಲ್ಲಿ ‘ಮೇಲ್ವಿಚಾರಣೆ’ ಎಂದು ಬರೆಯುತ್ತಿದ್ದಾರೆ. ಅದು ಕೂಲಿಯಾಳುಗಳ ಮೇಲೆ ನಿಂತವನ ಮಾತು. ‘ಆರೈಕೆ’ಯೊಳಗೆ ನೋಡುವ ಅರ್ಥವು ಮೊದಲಿನಿಂದಲೂ ಇರುವಾಗ ‘ದೂರದ ಆರೈಕೆ’ ಎಂದರೆ ಸಾಕು. ಆದರೂ ಹೆಸರಿಗಿಂತ ತ್ವರೆಯಾಗಿ ಆಗಬೇಕಾದುದು, ಒಂದು ಹಾಳೆಯಲ್ಲಿ, ದೊಡ್ಡ ಅಕ್ಷರದಲ್ಲಿ, ಚಾಮರಾಜನಗರದ ಕಡೆಯವರ ಮಾತಿನಲ್ಲಿ, ‘ಹೈ’ ಬಂದರೆ ಇದು, ‘ಲೋ’ ಬಂದರೆ ಇದು ಎಂದು ಬರೆದು, ಸಕ್ಕರೆಯ ಡಬ್ಬಿಯಿರುವ ಗೂಡಿನ ಪಕ್ಕಕ್ಕೆ ಅಂಟಿಸುವುದು. ಆಯಾ ಊರಿನ ಶಾಲೆಯ ಕನ್ನಡ ಪಂಡಿತರು ವೈದ್ಯರೊಬ್ಬರನ್ನು ಜೊತೆಗಿಟ್ಟುಕೊಂಡು ಕುಳಿತರೆ ಒಂದು ಮಧ್ಯಾಹ್ನದಲ್ಲಿ ಮುಗಿಯುವ ಕೆಲಸವಿದು.